ಆ ಬಿಳಿ ಗಾಜಿನ ಸ್ವಿಚ್ಚು ಹಾಕಿಸಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ತಮ್ಮ ದವಾಖಾನೆಯ ಸೋಂಕು ವಾರ್ಡಿನ ಗಾಜು ಎರಡು ತಿಂಗಳಿಂದ ಕುರುಡಾಗಿದೆ. ಅದರ ಕಣ್ಣು ಕಟ್ಟಿದ್ದು ತಮ್ಮದೇ ಸುತ್ತೋಲೆ. ಆ ಗಾಜಿನ ಹಿಂದೆ ಮೊನ್ನೆಯಿಂದ ನನ್ನ ಮಗಳು ನಜೀಮಾ ಮಲಗಿದ್ದಾಳೆ. ಗಂಟಲಲ್ಲಿ ನಳಿಕೆ, ಮಾತಿಲ್ಲ. ಒಳಗೆ ಯಾರನ್ನೂ ಬಿಡುವುದಿಲ್ಲ. ತಮ್ಮ ಕಚೇರಿಗೆ ಕೊಟ್ಟ ಅರ್ಜಿಗಳನ್ನು ಯಾರೂ ಓದಲಿಲ್ಲವೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಆ ಗಾಜಿಗೆ ಪಾಲಿಮರ್ ಹಾಳೆ ಅಂಟಿಸಿದ್ದಾರೆ. ನಾನು ಯಾದಗಿರಿಯಲ್ಲಿ ಬಿಎಸ್ಸಿ ಅರ್ಧಕ್ಕೆ ಬಿಟ್ಟು ದರ್ಜಿಯಾದವನು; 'ಪಾಲಿ ಮೀನ್ಸ್ ಮೆನಿ' ಎಂಬುದಷ್ಟೇ ನೆನಪು, ಮುಂದಿನದೆಲ್ಲ ಫರ್ಗಾಟನ್. ಉಳಿದದ್ದನ್ನು ದವಾಖಾನೆಯ ವೈರ್‌ಮನ್ ಬಾಷುಮಿಯಾ ಹೇಳಿಕೊಟ್ಟ. ಹಾಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಿವೆಯಂತೆ. ಕರೆಂಟ್ ಹರಿದರೆ ನಮಾಜಿನ ಸಾಲಿನ ಹಾಗೆ ನೆಟ್ಟಗೆ ನಿಲ್ಲುತ್ತವೆ, ಬೆಳಕು ಹಾಯುತ್ತದೆ. ಕರೆಂಟ್ ತೆಗೆದರೆ ಸಂತೆಯ ಮಂದಿಯ ಹಾಗೆ ಅಡ್ಡಾದಿಡ್ಡಿ. ಗಾಜು ಹಾಲಿನಂತೆ ಬೆಳ್ಳಗಾಗುತ್ತದೆ. ಗಾಯ ಕಟ್ಟುವಾಗ ಮರೆಗೆಂದಷ್ಟೇ ಆರಿಸಬೇಕಾದದ್ದು. ಆದರೆ ತಮ್ಮ ಕಚೇರಿಯ ಪಟ್ಟಿಯಲ್ಲಿ ಇದು 'ಅಲಂಕಾರ ದೀಪ'! ವಿದ್ಯುತ್ ಉಳಿಸಲು ಅಲಂಕಾರ ದೀಪಗಳನ್ನೆಲ್ಲ ಆರಿಸಿ ಎಂದು ತಾವು ಬರೆದಿರಿ, ಆರಿಸಿದರು. ಸಾಹೇಬರೇ, ಇದರಲ್ಲಿ ದೀಪ ಎಲ್ಲಿದೆ? ಉಸಿರಿಗೆ ಒದ್ದಾಡುವವರ ಕೋಣೆಗೆ ಅಲಂಕಾರ ಯಾರು ಮಾಡುತ್ತಾರೆ?

ಎರಡು ತಿಂಗಳ ಹಿಂದೆ ನನ್ನ ಹೆಂಡತಿ ಖುರ್ಷೀದಬೇಗಂ ಅದೇ ಮಂಚದ ಮೇಲಿದ್ದಳು. ದಿನಾ ಸಂಜೆ ಐದಕ್ಕೆ ಗಾಜಿನಾಚೆಯಿಂದ ಹುಬ್ಬು ಹಾರಿಸುವಳು: ಎಷ್ಟು ರೊಟ್ಟಿ ತಿಂದಿರಿ? ನಾನು ಎರಡು ಬೆರಳು ಎತ್ತುತ್ತಿದ್ದೆ. ಅವಳು ಮೂರು ಎತ್ತಿ ಕಣ್ಣಲ್ಲೇ ಗದರುವಳು. ಸುತ್ತೋಲೆ ಬಂದ ಸಂಜೆ ನಾನು ಬಿಳಿ ಗಾಜಿಗೆ ಎರಡು ಬೆರಳು ತೋರಿಸುತ್ತಾ ನಿಂತಿದ್ದೆ. ಮರುದಿನ ಬೆಳಿಗ್ಗೆ ಅವಳು ತೀರಿಕೊಂಡಳು. ನರ್ಸ್ ಪವಿತ್ರಾ ಆಮೇಲೆ ಹೇಳಿದಳು: "ಚಾಚಾ, ಚಾಚಿ ಆ ಗಾಜಿನ ಕಡೀಗೇ ಮೂರು ಬಟ್ಟು ಹಿಡಕೊಂಡು ಮಲಗಿದ್ರು. ನಾ ಕೈ ಇಳಿಸಿದ್ರೂ ಮತ್ತ ಎತ್ತತಿದ್ರು."

ಬಾಷುಮಿಯಾನ ಕೈ ಹಿಡಿದು ಬೇಡಿಕೊಂಡೆ. "ಒತ್ತೋದು ಒಂದು ಗುಂಡಿ ಅದ ಚಾಚಾ, ಖರೇ. ಸಾಹೇಬರ ಸಹಿ ಇಲ್ಲದ ಒತ್ತಿದ್ರ ನನ್ನ ನೌಕರಿ ಹೋಗ್ತದ" ಅಂದ. ಅವನದೇನು ತಪ್ಪು?

ಒಂದು ಸಾಲು ಬರೆದು ಸಹಿ ಹಾಕಿರಿ. ಆಗದಿದ್ದರೆ ಹಾಳೆ ಕಿತ್ತು ಬರೀ ಗಾಜು ಬಿಡಿ. ಪರದೆ ನಾನೇ ಹೊಲಿದು ಕೊಡುತ್ತೇನೆ. ಇದನ್ನು ಓದಿದ ದಿನವೇ ಆಗಬೇಕು, ನೋ ಟುಮಾರೋ ಸರ್. ನಜೀಮಾ ತಾಯಿಯ ಹಾಗೆ ಹುಬ್ಬು ಹಾರಿಸುತ್ತಿದ್ದಾಳೋ ಏನೋ, ನನಗೆ ಕಾಣುತ್ತಿಲ್ಲ. ಐದಕ್ಕೆ ನಾನು ಮೂರು ರೊಟ್ಟಿ ತಿಂದೇ ಬಂದು ನಿಲ್ಲುತ್ತೇನೆ. ಅವಳಿಗೆ ಅದು ಕಾಣಬೇಕು.

ಇಂತಿ, ಗಾಜಿನ ಈಚೆ ಬೆರಳೆತ್ತಿ ನಿಂತಿರುವ
ಮಸ್ತಾನಸಾಬ ದರ್ಜಿ, ವನದುರ್ಗ