ಚಿತ್ರದ ಕೆಳಗಿನ ಪಟ್ಟಿ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇಲ್ಲಿ ಜಿಗಣೆಗಳು ಕ್ಷೇಮ. ಅವುಗಳಿಗೆ ರಕ್ತ ಕೊಡುತ್ತಿರುವ ನಾನೂ ಒಂದು ಮಟ್ಟಿಗೆ ಕ್ಷೇಮ. ಮಳೆಕಾಡಿನಲ್ಲಿ ಸಂಶೋಧನೆ ಮಾಡ್ತೀನಿ ಅಂತ ಊರೆಲ್ಲ ಜಂಬ ಕೊಚ್ಚಿಕೊಂಡು ಬಂದವಳು ಬೆಳಿಗ್ಗೆ ಎದ್ದು ಪ್ರಾಣಿಗಳ ಲದ್ದಿಯನ್ನು ಜರಡಿಯಲ್ಲಿ ತೊಳೆದು ಬೀಜ ಎಣಿಸುತ್ತಿದ್ದೇನೆ. ಸಂಬಳವಿಲ್ಲದ ಮೂರು ತಿಂಗಳಲ್ಲಿ ಇನ್ನು ಹದಿನೈದು ದಿನ ಉಳಿದಿದೆ. ಆಮೇಲೆ ಈ ಸಂಶೋಧನೆ ನಡೆಸುವ ಮೇಡಂ ಪ್ರಮಾಣಪತ್ರ ಕೊಟ್ಟರೆ ನನ್ನ ಮುಂದಿನ ಓದಿಗೆ ದಾರಿ.

ಆದರೆ ಇಲ್ಲಿ ಒಂದು ಕೆಟ್ಟ ಕೆಲಸ ನಡೆದುಹೋಗಿದೆ. ಮೂರು ವಾರದ ಹಿಂದೆ ಫೋಟೊ ಕಳಿಸಿದ್ದೆನಲ್ಲ, ಬಾಲದ ಮೇಲೆ ಮರಿ ಕೂರಿಸಿಕೊಂಡು ಹೋಗುವ ಚಿಪ್ಪುಹಂದಿ? ಅದರ ಬಿಲವನ್ನು ಅಗೆದು ತಾಯಿ, ಮರಿ ಎರಡನ್ನೂ ಯಾರೋ ಹೊತ್ತುಕೊಂಡು ಹೋಗಿದ್ದಾರೆ. ಅಲ್ಲಿ ಕಟ್ಟಿದ್ದ, ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಕೆಸರು ಮೆತ್ತಿದ್ದರು. ಬಿಲದ ಬಾಯಲ್ಲಿ ನಾಲ್ಕು ಚಿಪ್ಪು ಬಿದ್ದಿದ್ದವು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಆ ಜಾಗ ಗೊತ್ತಿದ್ದದ್ದು ಮೂವರಿಗೇ: ಮೇಡಂ, ನಾನು, ಹೆಜ್ಜೆ ನೋಡಿ ಪ್ರಾಣಿಯ ದಾರಿ ಹೇಳುವ ಹೆಜ್ಜೆಯಜ್ಜ. ನನಗೆ ಅಜ್ಜನ ಮೇಲೆಯೇ ಅನುಮಾನ. ಕೆಸರು ಮೆತ್ತುವುದಕ್ಕೆ ಎರಡು ದಿನ ಮೊದಲಿನ ಚಿತ್ರದಲ್ಲಿ ಅವರೇ ಇದ್ದಾರೆ. ರಜೆಯ ದಿನ, ಒಬ್ಬರೇ, ಬಿಲದೊಳಗೆ ಬಗ್ಗಿ ನೋಡುತ್ತಿದ್ದಾರೆ. ಯಾಕೆ ಹೋಗಿದ್ರಿ ಅಂತ ಮೇಡಂ ಕೇಳಿದರೆ, ಸುಮ್ನೆ ಹೋಗಿದ್ದೆ ಅಂದರಂತೆ. ವಾರವಿಡೀ ಕಾಡು ಸುತ್ತುವವರು ರಜೆಯಲ್ಲೂ ಸುಮ್ಮನೆ ಹೋಗುತ್ತಾರೆಯೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವತ್ತಿನಿಂದ ನನ್ನನ್ನು ಕಂಡರೆ ಕಣ್ಣು ತಪ್ಪಿಸುತ್ತಾರೆ. ಆ ಚಿತ್ರವನ್ನು ಹುಡುಕಿ ಮೇಡಂ ಮುಂದೆ ಇಟ್ಟವಳು ನಾನೇ. ನಾಳೆ ಬೆಳಿಗ್ಗೆ ಅವರನ್ನು ಕೆಲಸದಿಂದ ತೆಗೆಯುತ್ತಾರೆ.

ಜೀಪು ಬಂದ ಸದ್ದು. ನಿನ್ನ ಪತ್ರ ಇರಬಹುದು, ತಂದು ಮುಂದುವರಿಸುತ್ತೇನೆ.

ಅಕ್ಕಾ, ನಿನ್ನ ಪತ್ರವನ್ನು ಮೂರು ಸಲ ಓದಿದೆ. ನೀನೇನೋ ಖುಷಿಯಲ್ಲಿ ಬರೆದಿದ್ದೀಯ. ನಮ್ಮ ನಾದಿನಿ ಕಾಡಲ್ಲಿದ್ದಾಳೆ ಅಂತ ಭಾವ ಆ ಫೋಟೊವನ್ನು ಮೊಬೈಲಿನಲ್ಲಿ ಸೆರೆಹಿಡಿದು ಎಲ್ಲ ಗುಂಪುಗಳಿಗೂ ಹಾಕಿದರಂತೆ. ಅವರ ಪರಿಚಯದವರೊಬ್ಬರು, ಇದೇ ಜಾಗ ತಾನೇ ಅಂತ ನಕಾಶೆಯನ್ನೇ ಕಳಿಸಿದರಂತೆ. ಎಂಥಾ ಬುದ್ಧಿವಂತ ಅಂತ ಮೆಚ್ಚಿಕೊಂಡಿದ್ದೀಯ.

ಯಾರು ಆ ಬುದ್ಧಿವಂತ? ಭಾವನಿಗೆ ಎಷ್ಟು ದಿನದ ಪರಿಚಯ? ನಿಜ ಹೇಳು, ಭಾವ ಬರೀ ಜಂಬಕ್ಕೆ ಹಾಕಿದರೋ, ಯಾರಾದರೂ ಕೇಳಿದ್ದಕ್ಕೆ ಹಾಕಿದರೋ? ಮನೆಯವರನ್ನೇ ಅನುಮಾನಿಸ್ತೀಯಾ ಅಂತ ಬೈಯಬೇಡ. ನನ್ನನ್ನೂ ಬಿಟ್ಟಿಲ್ಲ.

ನಮ್ಮ ಕ್ಯಾಮೆರಾ ತೆಗೆದ ಪ್ರತಿ ಚಿತ್ರದ ಕೆಳಗೂ ಒಂದು ಕಪ್ಪು ಪಟ್ಟಿ ಇರುತ್ತದೆ. ಅದರಲ್ಲಿ ತಾರೀಕು, ಗಂಟೆ, ಆ ಜಾಗದ ಅಕ್ಷಾಂಶ, ರೇಖಾಂಶ. ಅಚ್ಚು ಹಾಕಿದ ಚಿತ್ರ ಹೊರಗೆ ಹೋಗುವ ಮೊದಲು ಪಟ್ಟಿಯನ್ನು ಕತ್ತರಿಸಿ ತಗಡಿನ ಡಬ್ಬಿಗೆ ಹಾಕಬೇಕು. ವಾರಕ್ಕೊಮ್ಮೆ ಅವನ್ನೆಲ್ಲ ಸುಡುವುದು ಅಜ್ಜನ ಕೆಲಸ. ಇದು ಇಲ್ಲಿ ಮೊದಲ ದಿನ ಕಲಿಸುವ ಮೊದಲ ಪಾಠ. ನಾನು ಕತ್ತರಿಸಲಿಲ್ಲ. ತಾಯಿಯ ಕಾಲುಗಳು ಪಟ್ಟಿಯವರೆಗೂ ಬಂದಿದ್ದವು, ಕತ್ತರಿಸಿದರೆ ಚಂದ ಕೆಡುತ್ತದೆ ಅನ್ನಿಸಿತು. ಚಿಕ್ಕಂದಿನಲ್ಲಿ ಸದಾ ನಿನ್ನ ಹಿಂದೆ ಸುತ್ತುತ್ತಿದ್ದ ನನ್ನನ್ನು ಎಲ್ಲರೂ ಬಾಲ ಅಂತ ಕರೆಯುತ್ತಿದ್ದರಲ್ಲ, ಆ ಮರಿಯನ್ನು ನೋಡಿ ಅದೇ ನೆನಪಾಗಿ, ಇಡೀ ಚಿತ್ರ ನಿನಗೆ ಸಿಗಲಿ ಅಂತ ಹಾಗೇ ಲಕೋಟೆಗೆ ಹಾಕಿದೆ.

ಅಯ್ಯೋ ಅಕ್ಕಾ, ಎಂಥಾ ಕೆಲಸ ಮಾಡಿಬಿಟ್ಟೆ.

ನಿನ್ನ,
ಬಾಲ

ತಾ.ಕ.: ಅವತ್ತು ಆ ಲಕೋಟೆಯನ್ನು ಜೀಪಿಗೆ ಒಯ್ದು ಕೊಟ್ಟವರು ಹೆಜ್ಜೆಯಜ್ಜ. ಪಟ್ಟಿ ಕತ್ತರಿಸಿದ್ದೀಯೇನಮ್ಮಾ ಅಂತ ಕೇಳಿದ್ದರು. ಹ್ಞೂಂ ಅಜ್ಜಾ ಅಂದಿದ್ದೆ. ಆ ವಾರ ಹೊರಗೆ ಹೋದದ್ದು ಅದೊಂದೇ ಚಿತ್ರ; ಡಬ್ಬಿಯಲ್ಲಿ ಒಂದು ಪಟ್ಟಿಯೂ ಇರಲಿಲ್ಲ, ಅದು ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಅದಕ್ಕೇ ರಜೆಯ ದಿನ ತಾಯಿ, ಮರಿ ಕ್ಷೇಮವೇ ಅಂತ ಬಿಲ ನೋಡಲು ಹೋಗಿದ್ದಾರೆ. ಇಷ್ಟಾದರೂ ಮೇಡಂ ಮುಂದೆ ನನ್ನ ಹೆಸರು ಎತ್ತಲಿಲ್ಲ. ಈ ಪತ್ರವನ್ನು ಅಂಟಿಸುತ್ತಿಲ್ಲ. ನಿನಗೆ ಕಳಿಸುವ ಮೊದಲು, ನಿನ್ನ ಪತ್ರದ ಜೊತೆ ಇದನ್ನೂ ಈಗಲೇ ಮೇಡಂಗೆ ಓದಲು ಕೊಡುತ್ತೇನೆ, ಪ್ರಮಾಣಪತ್ರ ಹೋದರೆ ಹೋಗಲಿ. ಮೊಬೈಲಿನಲ್ಲಿ ಏನನ್ನೂ ಅಳಿಸಬೇಡಿ ಅಂತ ಭಾವನಿಗೆ ಹೇಳು. ಆಗಲೇ ಅಳಿಸಿದ್ದರೆ, ಅದನ್ನೂ ಮುಚ್ಚಿಡದೆ ಬರೆ.