ದಿಂಬಿನ ಬಾಯಿ

ಮನೆಯಿಂದ,
ಸೋಮವಾರ, ಬೆಳಗಿನ ಹೊತ್ತು

ಪ್ರೀತಿಯ ತಂಗೀ,

ಇವತ್ತು ನನ್ನ ಉಪವಾಸ. ಅಂಗಳ ಗುಡಿಸಿ, ಪಾತ್ರೆ ಬೆಳಗಿ, ದೇವರಿಗೆ ದೀಪ ಹಚ್ಚಿ, ಹಸಿದ ಹೊಟ್ಟೆಯಲ್ಲಿ ಸುಳ್ಳು ಬರೆಯಲಾಗದು ಎಂದು ಈಗಲೇ ಕೂತಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ನಿನ್ನ ಯಜಮಾನರ ಕೆಮ್ಮು ಇಳಿಯಿತೇ? ಅಮ್ಮ ಹೋದಾಗಿನಿಂದ ನಾವು ಮಾತು ಬಿಟ್ಟಿದ್ದರೂ ನಿನ್ನ ಸುದ್ದಿಯೆಲ್ಲ ಹಾಲಿನ ಗಾಡಿಯವನಿಂದ ನನಗೆ ತಲುಪುತ್ತದೆ. ನನ್ನದೂ ನಿನಗೆ ತಲುಪುತ್ತಿರಬೇಕು, ಅವನ ಬಾಯಿಗೆ ಬೀಗ ಎಲ್ಲಿದೆ.

ನನ್ನ ಮಗಳು ತನ್ನ ಹಳೆಯ ಫೋನು ಕೊಟ್ಟು ಹರಟೆಯ ಗುಂಪೊಂದಕ್ಕೆ ನನ್ನನ್ನು ಸೇರಿಸಿದ್ದಾಳೆ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಮುಖವೂ ಇಲ್ಲ. ಒಬ್ಬ ‘ಕುಂಟು ಕುರ್ಚಿ’, ಒಬ್ಬಳು ‘ಬಿಸಿನೀರು’. ಆಸ್ಪತ್ರೆಯ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳೆಂದು ನನಗೆ ‘ಇಸ್ತ್ರಿ ಅಮ್ಮ’ ಎಂದು ಮಗಳೇ ಹೆಸರಿಟ್ಟಿದ್ದಾಳೆ. ದಿನಕ್ಕೊಂದು ಪ್ರಶ್ನೆ ಬರುತ್ತದೆ: ಸ್ನಾನ ಬೆಳಿಗ್ಗೆಯೋ ರಾತ್ರಿಯೋ, ಬೆಕ್ಕೋ ನಾಯಿಯೋ. ಅದಕ್ಕೂ ಹರಕೆ ಹೊತ್ತವರಂತೆ ಜಗಳವಾಡುತ್ತಾರೆ. ಮೊದಲ ದಿನ ನಾನು ಒಬ್ಬೊಬ್ಬರ ಕ್ಷೇಮ ವಿಚಾರಿಸಿ ಆಮೇಲೆ ಉತ್ತರ ಬರೆದೆ. ‘ಇಸ್ತ್ರಿ ಅಮ್ಮಾ, ಹೀಗೆ ಎಲ್ಲರ ಕ್ಷೇಮ ವಿಚಾರಿಸ್ತಾ ಕೂತ್ರೆ ನೀವು ಬೆಕ್ಕಿಗೆ ಬರೋ ಹೊತ್ತಿಗೆ ಬೆಕ್ಕಿಗೇ ವಯಸ್ಸಾಗಿರುತ್ತೆ’ ಎಂದು ಕುಂಟು ಕುರ್ಚಿ ನಕ್ಕ. ಕ್ಷೇಮ ಕೇಳದೆ ಮಾತು ಶುರು ಮಾಡುವುದು ಹೇಗೆ, ನೀನೇ ಹೇಳು. ಬೆಳಿಗ್ಗೆ ಒಬ್ಬರನ್ನೊಬ್ಬರು ಕತ್ತೆ ಎಂದವರು ಸಂಜೆ ಹೂವಿನ ಚಿತ್ರ ಕಳಿಸಿಕೊಳ್ಳುತ್ತಾರೆ. ಇದು ನನ್ನ ತಲೆಗೆ ಹತ್ತುವುದಿಲ್ಲ. ನಾವಿಬ್ಬರು ಒಂದು ಕಿಟಕಿಗಾಗಿ ಮಾತು ಬಿಟ್ಟವರು.

ಕಳೆದ ವಾರ, ಹಾಸಿಗೆ ಹಾಸುವುದು ಹೇಗೆ ಎಂಬ ಪ್ರಶ್ನೆ ಬಂತು. ನನ್ನ ಕಸುಬೇ ಅದಲ್ಲವೇ, ಹೊದಿಕೆಯ ಅಂಚನ್ನು ಒಳಮುಖವಾಗಿ ಮಡಿಸಬೇಕೆಂದು ಉದ್ದಕ್ಕೆ ಬರೆಯುತ್ತಿದ್ದೆ. ಅಷ್ಟರಲ್ಲಿ ಬಿಸಿನೀರು ಬರೆದಳು: ‘ದಿಂಬಿನ ಗವುಸಿನ ಬಾಯಿ ಬಾಗಿಲ ಕಡೆ ಇರಬಾರದು. ನಿದ್ದೆ ಸೋರಿ ಹೋಗುತ್ತೆ.’ ಎಲ್ಲರೂ ನಕ್ಕರು. ನಾನು ಬರೆಯುತ್ತಿದ್ದುದನ್ನೆಲ್ಲ ಅಳಿಸಿಬಿಟ್ಟೆ. ಅದು ಅಮ್ಮನ ಮಾತು. ನಾವು ಮಲಗದೆ ಕಾಡುತ್ತಿದ್ದಾಗ ಅವಳೇ ಹುಟ್ಟಿಸಿಕೊಂಡು ಹೇಳಿದ್ದು. ನಮ್ಮಿಬ್ಬರನ್ನು ಬಿಟ್ಟು ಇನ್ನಾರಿಗೆ ಗೊತ್ತು? ಅಥವಾ ಎಲ್ಲ ತಾಯಂದಿರೂ ಹೀಗೇ ಹೇಳುತ್ತಾರೋ? ಮಗಳನ್ನು ಕೇಳಿದರೆ, ‘ಅಲ್ಲಿ ಯಾರ್ಯಾರೋ ಇರ್ತಾರಮ್ಮಾ, ತಲೆ ಕೆಡಿಸ್ಕೋಬೇಡ’ ಎಂದಳು. ಕೆಟ್ಟಾಗಿದೆ.

ಮರುದಿನ ಧೈರ್ಯ ಮಾಡಿ ನಾನೇ ಒಂದು ಪ್ರಶ್ನೆ ಹಾಕಿದೆ: ಜ್ವರದವರ ಕೋಣೆಯ ಕಿಟಕಿ ತೆರೆದಿರಬೇಕೋ, ಮುಚ್ಚಿರಬೇಕೋ? ಗಾಳಿ ಬೇಕೆಂದು ಕೆಲವರು, ಥಂಡಿ ಹಿಡಿಯುತ್ತದೆಂದು ಕೆಲವರು. ಅರ್ಧ ತೆರೆಯಿರಿ ಎಂದ ಕುಂಟು ಕುರ್ಚಿ ಎರಡೂ ಕಡೆಯವರಿಂದ ಬೈಸಿಕೊಂಡ. ಕೊನೆಗೆ ಬಿಸಿನೀರು ಬರೆದಳು: ‘ಮಲಗಿದ್ದವರೇ ಕೇಳಿದ್ರಾ, ಇಲ್ಲಾ ತೆರೆದವರ ಹಠವಾ?’ ಅಷ್ಟು ಕೇಳಿ ಹೋದವಳು ಮತ್ತೆ ಗುಂಪಿನಲ್ಲಿ ಕಾಣಿಸಿಲ್ಲ. ಜ್ವರದಲ್ಲಿ ಅಮ್ಮ ತೀರಿಕೊಂಡ ಬೆಳಿಗ್ಗೆ ನೀನು ‘ಕಿಟಕಿ ತೆಗೆದು ಕೊಂದೆಯಲ್ಲೇ’ ಎಂದೆ. ಈ ಪ್ರಶ್ನೆ ಮಾತ್ರ ಕೇಳಲಿಲ್ಲ. ಈಗ ಕೇಳಿದವಳು ನೀನೋ, ಯಾವುದೋ ಊರಿನ ಯಾರೋ ತಾಯಿಯೋ? ಅಷ್ಟು ಜನರ ಮುಂದೆ ಉತ್ತರ ಬರೆಯಲು ನನಗೆ ಕೈ ಏಳಲಿಲ್ಲ.

ದೇವರು ನಿನ್ನ ಮನೆಯನ್ನು ತಣ್ಣಗಿಡಲಿ. ಮಕ್ಕಳ ತಲೆ ಸವರಿದೆನೆಂದು ಹೇಳು.

ನಿನ್ನ ಅಕ್ಕ

ತಾ.ಕ.: ಅಮ್ಮನೇ ಕೇಳಿದ್ದು. ‘ಉಸಿರು ಕಟ್ತಿದೆ, ತೆಗಿಯೇ. ತಂಗಿಗೆ ಹೇಳ್ಬೇಡ. ಪಾಪ, ನನಗೆ ಗಾಳಿ ತಾಗ್ಬಾರ್ದೂಂತ ಕಿಟಕಿ ಸಂದಿಗೆಲ್ಲಾ ಚಿಂದಿ ತುರುಕಿ ಬೆರಳು ನೋಯಿಸ್ಕೊಂಡಿದ್ದಾಳೆ’ ಎಂದಳು. ಹೇಳುವುದಿಲ್ಲವೆಂದು ಅಮ್ಮನ ಕೈಮುಟ್ಟಿ ಒಪ್ಪಿದ್ದೆ. ಈಗ ಆ ಮಾತು ಮುರಿದದ್ದು ಸರಿಯೋ ತಪ್ಪೋ ನನಗೇ ತಿಳಿಯದು. ಬಿಸಿನೀರು ನೀನಲ್ಲದಿದ್ದರೂ ಈ ಉತ್ತರ ನಿನಗೇ ಸೇರಬೇಕಾದದ್ದು. ಈ ಕಾಗದ ತರುವ ಹಾಲಿನ ಗಾಡಿಯವನು ಖಾಲಿ ಕ್ಯಾನಿಗಾಗಿ ಸಂಜೆ ನಿನ್ನ ಬೀದಿಗೆ ಮರಳುತ್ತಾನೆ, ನಿನ್ನ ಉತ್ತರವನ್ನೂ ತಾ ಎಂದು ಹೇಳಿದ್ದೇನೆ. ಲಕೋಟೆ ಗಟ್ಟಿಯಾಗಿ ಅಂಟಿಸಿ ಕೊಡು, ಓದಿಬಿಟ್ಟಾನು. ಬರೆಯಲು ಮನಸ್ಸು ಬಾರದಿದ್ದರೆ ನಿನ್ನ ದಿಂಬಿನ ಗವುಸೊಂದನ್ನು ಅವನ ಕೈಗೆ ಕೊಟ್ಟರೂ ಸಾಕು, ಇಸ್ತ್ರಿ ಮಾಡಿಡುತ್ತೇನೆ.