ಹಸಿರು ಫಲಕ

ಏರೋಸ್ಕೋಬಿಂಗ್ ಬಂದರು
ಶುಕ್ರವಾರ, ಜುಲೈ 12

ಪ್ರಿಯ ಆಸ್ಗರ್,

ಕ್ಲಬ್ಬಿನ ಐದೂ ಹಾಯಿದೋಣಿಗಳು ಮಧ್ಯಾಹ್ನ ಇಲ್ಲಿಗೆ ಬಂದು ಸೇರಿದವು. ಗಾಳಿ ಪಶ್ಚಿಮದ್ದು. ನಮ್ಮ ದೋಣಿ ‘ಟೆರ್ನೆ’ ಕ್ಷೇಮ, ಎಡಮಗ್ಗುಲಿನ ಒಂದು ಗೀರು ಬಿಟ್ಟರೆ. ನೀನು ಕಾಯುತ್ತಿರುವ ಸುದ್ದಿ ಮೊದಲು ಹೇಳಿಬಿಡುತ್ತೇನೆ: ದೋಣಿ ಮಾರಾಟವಾಗಲಿಲ್ಲ. ಅದನ್ನು ನೋಡಲು ಬಂದಾತ ಬೆಳಗ್ಗೆ ಇಲ್ಲಿಯ ಬಂದರುಕಟ್ಟೆಯ ಮೇಲೆ ಕಾದು ಹೊರಟುಹೋದ. ಆತನಿಗೆ ಹೇಳಿದ್ದ ಹೊತ್ತಿಗೆ ನಾನು ಇಲ್ಲಿಗೆ ತಲುಪಲಿಲ್ಲ. ಫೋನಿನಲ್ಲಿ ಹೇಳಿದರೆ ಇಬ್ಬರೂ ದನಿ ಏರಿಸುತ್ತೇವೆ, ಅದಕ್ಕೇ ಕಾಗದ.

ದ್ರೈಯೊ ದ್ವೀಪದ ಹಳೆ ಬಂದರು ನಿನಗೆ ಗೊತ್ತಲ್ಲ, ಅಂಗೈಯಗಲ. ನಿನ್ನೆ ಸಂಜೆ ನಾನು ಮೊದಲು ತಲುಪಿ ಕಟ್ಟೆಗೆ ಕಟ್ಟಿದೆ. ಉಳಿದ ನಾಲ್ವರು ತಮ್ಮ ದೋಣಿಗಳನ್ನು ನನ್ನ ಹೊರಮಗ್ಗುಲಿಗೆ ಒಂದರ ಪಕ್ಕ ಒಂದರಂತೆ ಕಟ್ಟಿಕೊಂಡರು. ಈ ಸಲ ಗುಂಪಿನ ಮುಂದಾಳು ಎಬ್ಬೆ. ಹಗ್ಗ ಬಿಗಿಯುವ ಮೊದಲು ಅವನು ರೂಢಿಯಂತೆ ಕೇಳಿದ: “ಥೂರಾ, ನಾಳೆ ಎಷ್ಟೊತ್ತಿಗೆ ಹೊರಡ್ತೀಯ?” ಬೇಗ ಹೊರಡುವ ದೋಣಿ ಎಲ್ಲರಿಗಿಂತ ಹೊರಗಿರಬೇಕು, ಇದು ಮಕ್ಕಳಿಗೂ ಗೊತ್ತು. ನಾನು, “ನಂಗೇನೂ ಅವಸರ ಇಲ್ಲ” ಅಂದೆ.

ಇವತ್ತು ಬೆಳಗ್ಗೆ ದೋಣಿ ಕೊಳ್ಳಬೇಕಿದ್ದಾತ ಇಲ್ಲಿಂದ ಫೋನ್ ಮಾಡಿದಾಗ, ಒಳಗೆ ಸಿಕ್ಕಿಕೊಂಡಿದ್ದೇನೆ, ಹೊರಗೆ ನಾಲ್ಕು ದೋಣಿಗಳಿವೆ ಎಂದೆ. ಸುಳ್ಳೇನಲ್ಲ. ಆದರೆ ಒಂದು ಮಾತು ಹೇಳಿದ್ದರೆ ನಾಲ್ಕೂ ದೋಣಿಯವರು ಕಾಫಿ ಲೋಟ ಕೆಳಗಿಟ್ಟು ದಾರಿ ಬಿಡುತ್ತಿದ್ದರು. ನಾನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕೂತಿದ್ದೆ.

ಈಗ ಗೀರಿನ ವಿಷಯ. ನಮ್ಮ ಸಂಸಾರ ಬಂದರುಗಳಲ್ಲೇ ಕೆಟ್ಟಿತು ಎಂದು ನನ್ನ ತಂಗಿ ಹೇಳುವುದುಂಟು. ಪ್ರತಿ ಬೇಸಿಗೆಯೂ ನೀನು ಹಿಂದೆ ಚುಕ್ಕಾಣಿ ಹಿಡಿದು ಕೂಗುತ್ತಿದ್ದೆ, ನಾನು ಮುಂದೆ ಹಗ್ಗ ಹಿಡಿದು ತಿರುಗಿ ಕೂಗುತ್ತಿದ್ದೆ. ಕಟ್ಟೆಯ ಮೇಲಿದ್ದವರು ಬೇರೆಲ್ಲೋ ನೋಡುತ್ತಿದ್ದರು. ನೀನು ಓಡೆನ್ಸೆಗೆ ಮನೆ ಬದಲಿಸಿದ ಮೇಲೆ, ಮಾರುವ ಮುನ್ನ ಒಮ್ಮೆ ನಾನೇ ನಡೆಸಿ ನೋಡೋಣವೆಂದು ಹೊರಟವಳು ಈ ಯಾನದ ಮೊದಲ ದಿನವೇ ಸ್ಕಾರೊ ದ್ವೀಪದಲ್ಲಿ, ದೋಣಿ ಕಟ್ಟುವ ಕಂಬಕ್ಕೆ ಅದನ್ನು ಉಜ್ಜಿದೆ.

“ಆ ಕಂಬ ನಮ್ಮಜ್ಜನ ಕಾಲದಿಂದ ಅಲ್ಲೇ ಇದೆ ಥೂರಾ, ಸರ್ಕೋ ಅಂದ್ರೆ ಸರ್ಕೊಳಲ್ಲ!” ಎಂದು ಎಬ್ಬೆ ಕೂಗಿದ. ಎಲ್ಲರೂ ನಕ್ಕರು. ಅವನ ಹೆಂಡತಿ ಸಿಡ್ಸೆಲ್ ಮಾತ್ರ, “ನೀನು ಸುಮ್ನಿರೋ. ಥೂರಾ, ಇನ್ನೊಂದ್ಸಲ ದೋಣಿ ಹೊರಗೆ ತಗೊಂಡ್ಹೋಗಿ ಬಾ. ಊಟ ಎಲ್ಲಿಗೂ ಓಡಿಹೋಗಲ್ಲ” ಅಂದಳು. ಹೋಗಿ ಬಂದೆ. ಆಮೇಲೆ ಮತ್ತೊಮ್ಮೆ ಹೋಗಿ ಬಂದೆ. ಆಲೂಗಡ್ಡೆ ಆರಿ ತಣ್ಣಗಾಗಿತ್ತು.

ಚುಕ್ಕಾಣಿಯ ಹತ್ತಿರ ಕೂತಾಗ ಒಂದು ವಿಷಯ ತಿಳಿಯಿತು. ಅಲ್ಲಿಂದ ದೋಣಿಯ ಮೂತಿ ಕಟ್ಟೆಗೆ ಎಷ್ಟು ಹತ್ತಿರವಿದೆಯೆಂದು ಕಾಣುವುದೇ ಇಲ್ಲ. ನಿನ್ನದು ಕೋಪವೆಂದು ನಾನು ತಿಳಿದಿದ್ದೆ. ನಿನಗೆ ಹೆದರಿಕೆಯಾಗುತ್ತಿತ್ತು. ಒಮ್ಮೆ ಹಾಗೆಂದು ಹೇಳಬಹುದಿತ್ತು, ಆಸ್ಗರ್. ನಾನೂ ಕೇಳಬಹುದಿತ್ತು.

ಇವತ್ತು ಇಲ್ಲಿ ಗಾಳಿ ಅಡ್ಡ ಬೀಸುತ್ತಿತ್ತು. ಬೇಗ ತಿರುಗಿಸಿದೆ, ಇಂಜಿನ್ ತಗ್ಗಿಸಿದೆ, ಮಿಕ್ಕ ದೂರವನ್ನು ದೋಣಿಗೇ ಬಿಟ್ಟೆ. ಎರಡು ಕಂಬಗಳ ನಡುವೆ ಅದು ಎಲ್ಲೂ ತಾಗದೆ ಒಳಗೆ ಜಾರಿತು. ಕಟ್ಟೆಯ ಮೇಲೆ ಕೈ ಚಾಚಿ ನಿಂತಿದ್ದ ಎಬ್ಬೆ ಎರಡೂ ಕೈಗಳನ್ನು ಜೇಬಿಗಿಳಿಸಿದ. “ತಡೆಯೋಕೆ ಅಂತ ಓಡಿ ಬಂದೆ. ಕೆಲ್ಸಾನೇ ಕೊಡ್ಲಿಲ್ವಲ್ಲೇ ನೀನು!” ಅಂದ.

ನಾನು ‘ಟೆರ್ನೆ’ಯನ್ನು ಮಾರುವುದಿಲ್ಲ. ಅದರಲ್ಲಿ ನಿನ್ನ ಪಾಲಿನ ಹಣದ ಮಾತನ್ನು ಎದುರುಬದುರು ಕೂತು ಆಡೋಣ, ಮೆಲ್ಲಗೆ.

ಇಂತು,
ಥೂರಾ

ಮರೆತಿದ್ದೆ: ಸ್ವೆನ್‌ಬೋರ್ಗ್ ಬಂದರು ಬಿಡುವಾಗ ದೋಣಿ ನಿಲ್ಲಿಸುವ ನಮ್ಮ ಜಾಗದ ಕೆಂಪು ಫಲಕವನ್ನು ಹಸಿರಿಗೆ ತಿರುಗಿಸಿ ಬಂದೆ, ಬೇರೆ ಊರಿನ ದೋಣಿಗಳು ಅಲ್ಲಿ ನಿಲ್ಲಲಿ ಎಂದು. ಅದರ ಮೇಲೆ ಹಿಂತಿರುಗುವ ದಿನ ಮಾತ್ರ ಬರೆಯಲಿಲ್ಲ. ದೋಣಿಯನ್ನು ವಾಪಸು ತರುವ ಯೋಚನೆ ಆಗ ಇರಲಿಲ್ಲ. ನಾಳೆ ಬೆಳಗ್ಗೆ ಬಂದರಿನ ಕಚೇರಿ ತೆರೆದೊಡನೆ ಫೋನ್ ಮಾಡಿ ‘ಭಾನುವಾರ, ಜುಲೈ 21’ ಎಂದು ಬರೆಸುವವಳಿದ್ದೇನೆ. ಅವತ್ತು ಮಧ್ಯಾಹ್ನ, ಹಗ್ಗ ಹಿಡಿಯಲು ಕಟ್ಟೆಯ ಮೇಲೆ ಯಾರಾದರೂ ಇದ್ದರೆ ಬೇಡವೆನ್ನುವುದಿಲ್ಲ.